ಕಡತದೊಳಗೆ ಹವಾಮಾನ

(ಕೋಲಾರದಲ್ಲಿ ಕೆರೆ ಸಂಘಗಳ ಸದಸ್ಯರು, ರೈತ ಮುಖಂಡರು ಮತ್ತು ಕಿರಿಯ ವಕೀಲರ ಎದುರು ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

2024ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪಿನಿಂದ ಮಾತು ಶುರು ಮಾಡೋಣ. ಎಂ.ಕೆ. ರಂಜಿತ್‌ಸಿನ್ಹ್ ಮತ್ತು ಭಾರತ ಒಕ್ಕೂಟದ ನಡುವಿನ ಪ್ರಕರಣ. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿ ಬದುಕುವ ಹಕ್ಕು ಸಂವಿಧಾನದ 14 (ಸಮಾನತೆ) ಮತ್ತು 21ನೇ (ಬದುಕುವ ಹಕ್ಕು) ವಿಧಿಗಳಲ್ಲೇ ಅಡಗಿದೆ ಎಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ಹೇಳಿತು. ದೊಡ್ಡ ಸುದ್ದಿಯಾಯಿತು. ಕೆರೆ ವಿಷಯಕ್ಕೋ ಕೊಳವೆಬಾವಿ ವಿಷಯಕ್ಕೋ ಅರ್ಜಿ ಬರೆಯುವವರಿಗೆಲ್ಲ ಈ ತೀರ್ಪಿನ ಹೆಸರನ್ನು ಒಂದು ಪ್ಯಾರಾದಲ್ಲಿ ಸೇರಿಸುವ ಆಸೆ ಇದ್ದೇ ಇರುತ್ತದೆ. ಸೇರಿಸಿ, ತಪ್ಪೇನಿಲ್ಲ. ಅದಕ್ಕೆ ಮುಂಚೆ ಆ ಪ್ರಕರಣದಲ್ಲಿ ನಿಜಕ್ಕೂ ನಡೆದದ್ದೇನು ಅನ್ನುವುದು ಗೊತ್ತಿರಲಿ.

ಅಳಿವಿನಂಚಿನಲ್ಲಿರುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗಳು ರಾಜಸ್ಥಾನ, ಗುಜರಾತಿನ ಬಯಲುಗಳಲ್ಲಿ ಹೈಟೆನ್ಷನ್ ತಂತಿಗೆ ಬಡಿದು ಸಾಯುತ್ತಿದ್ದವು. ಸುಮಾರು 99,000 ಚದರ ಕಿಲೋಮೀಟರ್ ಪ್ರದೇಶದಲ್ಲಿ ತಂತಿಗಳನ್ನು ಮೇಲೆ ಎಳೆಯದೆ ನೆಲದಡಿ ಹಾಕಬೇಕು ಎಂಬ ನಿರ್ಬಂಧವನ್ನು ಇದೇ ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಹೇರಿತ್ತು. ಹಾಗೆ ಮಾಡಿದರೆ ಸೌರ, ಪವನ ವಿದ್ಯುತ್ ಯೋಜನೆಗಳು ನಿಂತೇಹೋಗುತ್ತವೆ, ದೇಶ ಪ್ಯಾರಿಸ್ ಒಪ್ಪಂದದಡಿ ಕೊಟ್ಟ ಮಾತು ತಪ್ಪುತ್ತದೆ ಎಂದು ಸರ್ಕಾರ ವಾದಿಸಿತು. 2024ರಲ್ಲಿ ಕೋರ್ಟ್ ಆ ನಿರ್ಬಂಧವನ್ನು ಸಡಿಲಿಸಿ ವಿಷಯವನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ಅಂದರೆ, ಹವಾಮಾನದ ಹಕ್ಕು ಎಂದು ನಾವು ಹೆಮ್ಮೆಯಿಂದ ಉಲ್ಲೇಖಿಸುವ ತೀರ್ಪು ಒಂದು ಪರಿಸರ ನಿರ್ಬಂಧವನ್ನು ಸಡಿಲಿಸಿದ ತೀರ್ಪು. ನಾಳೆ ಯಾವುದಾದರೂ ಸೋಲಾರ್ ಪಾರ್ಕಿನ ವಿರುದ್ಧ ನೀವು ಅರ್ಜಿ ಹಾಕಿದರೆ, ಎದುರು ಪಕ್ಷದ ವಕೀಲರು ಇದನ್ನೇ ನಿಮ್ಮ ಮೇಲೆ ತಿರುಗಿಸುತ್ತಾರೆ.

ಹಾಗಾಗಿ ಇವತ್ತು ನಾವು ಹೇಳಬೇಕೆಂದಿರುವುದು ಇಷ್ಟು. ಹಕ್ಕಿನ ಘೋಷಣೆಯ ಬಲದ ಮೇಲೆ ನಮ್ಮ ಜಿಲ್ಲೆಗಳ ಕೇಸು ಗೆಲ್ಲುವುದು ಕಷ್ಟ. ಭೂಮಿ ಬಿಸಿಯಾಗುತ್ತಿದೆಯೇ ಎಂದು ನ್ಯಾಯಾಲಯ ಕೇಳುವುದಿಲ್ಲ, ಅದನ್ನು ಯಾರೂ ಅಲ್ಲಗಳೆಯುತ್ತಲೂ ಇಲ್ಲ. ಈ ಅಧಿಕಾರಿ ಈ ತೀರ್ಮಾನ ತೆಗೆದುಕೊಂಡಾಗ ನೋಡಲೇಬೇಕಿದ್ದ ಸಂಗತಿಯನ್ನು ನೋಡಿದ್ದಾರೆಯೇ, ಆ ಸಂಗತಿ ಕಡತದಲ್ಲಿತ್ತೇ ಎಂದು ಕೇಳುತ್ತದೆ. ಆದ್ದರಿಂದ ಹವಾಮಾನವನ್ನು ಕೋರ್ಟಿಗೆ ತರುವುದಕ್ಕಿಂತ ಮುಂಚೆ ತಾಲ್ಲೂಕು ಕಚೇರಿಯ ಕಡತಕ್ಕೆ ತರಬೇಕು.

ಕಿರಿಯ ವಕೀಲರಿಗೆ ಇದರ ಹಿಂದಿನ ತತ್ವ ಗೊತ್ತೇ ಇದೆ. ಆಡಳಿತದ ತೀರ್ಮಾನವೊಂದನ್ನು ನ್ಯಾಯಾಂಗ ಪರಿಶೀಲನೆಗೆ ಒಳಪಡಿಸಿದಾಗ ಕೋರ್ಟ್ ತಾನೇ ಜಿಲ್ಲಾಧಿಕಾರಿಯ ಕುರ್ಚಿಯಲ್ಲಿ ಕೂರುವುದಿಲ್ಲ. ಕಾನೂನು ಮೀರಿದ್ದಾರಾ, ವಿಧಾನ ಪಾಲಿಸಿದ್ದಾರಾ, ಪ್ರಸ್ತುತವಾದದ್ದನ್ನು ಬಿಟ್ಟು ಅಪ್ರಸ್ತುತವಾದದ್ದನ್ನು ಹಿಡಿದಿದ್ದಾರಾ, ಕಾರಣ ಕೊಟ್ಟಿದ್ದಾರಾ ಎಂದಷ್ಟೇ ನೋಡುತ್ತದೆ. ಜೊತೆಗೆ 1978ರ ಮೊಹಿಂದರ್ ಸಿಂಗ್ ಗಿಲ್ ತೀರ್ಪಿನ ಸೂತ್ರ: ಆದೇಶದ ಸಿಂಧುತ್ವವನ್ನು ಆ ಆದೇಶದಲ್ಲೇ ಇರುವ ಕಾರಣಗಳಿಂದ ಅಳೆಯಬೇಕು, ಆಮೇಲೆ ಅಫಿಡವಿಟ್‌ನಲ್ಲಿ ಹೊಸ ಕಾರಣ ತುಂಬಿಸುವಂತಿಲ್ಲ. ಹವಾಮಾನ ಸಂಬಂಧಿ ಕೇಸುಗಳಲ್ಲಿ ಈ ಹಳೆಯ ಸೂತ್ರ ಮಾಡುವಷ್ಟು ಕೆಲಸವನ್ನು ಯಾವ ಹೊಸ ಸಿದ್ಧಾಂತವೂ ಮಾಡಿಲ್ಲ.

ಗೋವಾದ ಮೋಪಾ ವಿಮಾನ ನಿಲ್ದಾಣದ ಪ್ರಕರಣ ನೋಡಿ. 2019ರ ಮಾರ್ಚ್‌ನಲ್ಲಿ ಹನುಮಾನ್ ಲಕ್ಷ್ಮಣ್ ಅರೋಸ್ಕರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಯೋಜನೆಯ ಪರಿಸರ ಅನುಮತಿಯನ್ನು ಅಮಾನತಿನಲ್ಲಿಟ್ಟಿತು. ವಿಮಾನ ನಿಲ್ದಾಣ ಬೇಡ ಎಂದು ಕೋರ್ಟ್ ಹೇಳಲೇ ಇಲ್ಲ. ಅರ್ಜಿ ನಮೂನೆಯಲ್ಲಿ ಸುತ್ತಲಿನ ಕಾಡು, ಸೂಕ್ಷ್ಮ ಪ್ರದೇಶಗಳ ವಿವರವನ್ನು ಸರಿಯಾಗಿ ಕೊಟ್ಟಿಲ್ಲ, ತಜ್ಞರ ಸಮಿತಿ ಅದನ್ನು ಗಮನಿಸಿಲ್ಲ, ಕಾರಣ ಬರೆದಿಲ್ಲ ಎಂಬುದೇ ಆಧಾರ. ಮತ್ತೆ ಪರಿಶೀಲಿಸಿದ ಮೇಲೆ 2020ರ ಜನವರಿಯಲ್ಲಿ ಷರತ್ತುಗಳೊಂದಿಗೆ ಅಮಾನತು ತೆರವಾಯಿತು. ಗೆದ್ದರೂ ಸಿಗುವುದು ಬಹಳ ಸಲ ಇಷ್ಟೇ: ಇನ್ನೊಮ್ಮೆ, ಸರಿಯಾಗಿ ನೋಡಿ ಎಂಬ ಆದೇಶ.

ಹೊರದೇಶಗಳ ಬಗ್ಗೆ ಬೇಗ ಮುಗಿಸುತ್ತೇವೆ. ನೆದರ್ಲೆಂಡ್ಸ್‌ನ ಸುಪ್ರೀಂ ಕೋರ್ಟ್ 2019ರ ಡಿಸೆಂಬರ್‌ನಲ್ಲಿ, ಉರ್ಗೆಂಡಾ ಪ್ರಕರಣದಲ್ಲಿ, 1990ರ ಮಟ್ಟಕ್ಕೆ ಹೋಲಿಸಿ 2020ರ ಕೊನೆಗೆ ಕನಿಷ್ಠ ಶೇ. 25ರಷ್ಟು ಹೊರಸೂಸುವಿಕೆ ಇಳಿಸಲೇಬೇಕೆಂದು ಸರ್ಕಾರಕ್ಕೆ ಹೇಳಿತು. ಐರ್ಲೆಂಡಿನಲ್ಲಿ 2020ರಲ್ಲಿ, ಸರ್ಕಾರದ ಯೋಜನೆ ಕಾನೂನು ಕೇಳಿದಷ್ಟು ನಿಖರವಾಗಿಲ್ಲ ಎಂದು ಅದನ್ನು ರದ್ದು ಮಾಡಿದರು. ಅಲ್ಲೊಂದು ಹವಾಮಾನ ಕಾಯ್ದೆ ಇತ್ತು, ಅಳೆಯಲು ಕೋಲು ಸಿಕ್ಕಿತು. 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಹಿರಿಯ ಮಹಿಳೆಯರ ಸಂಘ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಗೆದ್ದಿತು. ಬಿಡಿ ಅರ್ಜಿದಾರರಿಗೆ ಮಾತ್ರ ಬಾಗಿಲು ತೆರೆಯಲಿಲ್ಲ, ಸಂಘಕ್ಕೆ ತೆರೆಯಿತು.

ನಮ್ಮವರಿಗೆ ಹೆಚ್ಚು ಹತ್ತಿರದ್ದು ಲಾಹೋರ್ ಹೈಕೋರ್ಟಿನ ಲೆಘಾರಿ ಪ್ರಕರಣ. 2015ರಲ್ಲಿ ಒಬ್ಬ ರೈತ ಹೋಗಿ, ಸರ್ಕಾರ ತಾನೇ ಪ್ರಕಟಿಸಿದ ಹವಾಮಾನ ನೀತಿಯನ್ನು ಜಾರಿ ಮಾಡುತ್ತಿಲ್ಲ ಎಂದ. ಹೊಸದೇನನ್ನೂ ಕೇಳಲಿಲ್ಲ. ಕೋರ್ಟ್ ಪ್ರತಿ ಇಲಾಖೆಯಿಂದ ಒಬ್ಬ ಹೊಣೆಗಾರ ಅಧಿಕಾರಿಯನ್ನು ಹೆಸರಿಸುವಂತೆ ಹೇಳಿ, ಒಂದು ಆಯೋಗ ನೇಮಿಸಿ, 2018ರವರೆಗೆ ಬೆನ್ನು ಬಿಡದೆ ವರದಿ ತರಿಸಿಕೊಂಡಿತು.

ನಮ್ಮಲ್ಲಿ ಅಂಥ ದೊಡ್ಡ ಪ್ರಶ್ನೆ ಎತ್ತಿದ್ದು ಉತ್ತರಾಖಂಡದ ಬಾಲಕಿ ರಿಧಿಮಾ ಪಾಂಡೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಜನವರಿಯಲ್ಲಿ ಆ ಅರ್ಜಿಯನ್ನು ಚುಟುಕಾಗಿ ವಿಲೇವಾರಿ ಮಾಡಿತು. ಅಂತರರಾಷ್ಟ್ರೀಯ ಒಪ್ಪಂದಗಳು ಪರಿಸರ ಪರಿಣಾಮ ಅಂದಾಜಿನಲ್ಲಿ ಗಣನೆಗೆ ಬರುತ್ತಿಲ್ಲ ಎಂದು ಭಾವಿಸಲು ಕಾರಣವಿಲ್ಲ ಎಂದಿತು. ಈ ಸಾಲು ನಮಗೆ ನಿರಾಸೆ ತರುವಂಥದ್ದೇ. ಆದರೂ ಎಡವಿದ್ದು ಎಲ್ಲಿ ಅನ್ನುವುದು ಇದರಲ್ಲಿ ಕಾಣುತ್ತದೆ. ಇಂಥ ಇಸವಿಯ ಇಂಥ ಯೋಜನೆಯ ಇಂಥ ಕಡತದಲ್ಲಿ ಗಣನೆಗೆ ಬಂದಿಲ್ಲ ಎಂದು ತೋರಿಸಿದರೆ ನ್ಯಾಯಮಂಡಳಿ ಹಾಗೆ ಭಾವಿಸುವಂತಿರಲಿಲ್ಲ. ನಮ್ಮ ದೇಶದಲ್ಲಿ ಸಮಗ್ರ ಹವಾಮಾನ ಕಾಯ್ದೆ ಇನ್ನೂ ಇಲ್ಲ. ಇರುವುದು ಬರದ ಕೈಪಿಡಿ, ಜಲ ಕಾಯ್ದೆ, ಭೂ ಕಂದಾಯ ಕಾಯ್ದೆ, ಪರಿಣಾಮ ಅಂದಾಜಿನ ಅಧಿಸೂಚನೆ. ನಮ್ಮ ಅಳತೆಗೋಲುಗಳು ಇವೇ.

ಮೊದಲು ಬರ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಬರ ಘೋಷಣೆ ಕೂಡ ನ್ಯಾಯಾಲಯ ಪರಿಶೀಲಿಸಬಹುದಾದ ಆಡಳಿತಾತ್ಮಕ ತೀರ್ಮಾನ ಅನ್ನುವುದೇ ಅನೇಕರಿಗೆ ಹೊಳೆಯುವುದಿಲ್ಲ.

2016ರ ಮೇ ತಿಂಗಳಲ್ಲಿ ಸ್ವರಾಜ್ ಅಭಿಯಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೆಲವು ರಾಜ್ಯಗಳು ಬರ ಇದ್ದರೂ ಘೋಷಿಸಲು ಹಿಂದೇಟು ಹಾಕುವುದನ್ನು ಟೀಕಿಸಿತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಆಗಬೇಕಿದ್ದ ಕೆಲಸಗಳಿಗೆ ಗಡುವು ಕೊಟ್ಟು, ಹಳೆಯ ಬರ ಕೈಪಿಡಿಯನ್ನು ಆ ವರ್ಷಾಂತ್ಯದೊಳಗೆ ಪರಿಷ್ಕರಿಸಿ ಎಂದಿತು. 2016ರ ಡಿಸೆಂಬರ್‌ನಲ್ಲಿ ಹೊಸ ಕೈಪಿಡಿ ಬಂತು. ಇವತ್ತು ನಮ್ಮ ತಾಲ್ಲೂಕುಗಳ ಹಣೆಬರಹ ಬರೆಯುವುದು ಈ ಕೈಪಿಡಿ. ಇದರಲ್ಲಿ ಹಂತಗಳಿವೆ. ಮೊದಲನೆಯದು ಮಳೆ: ಮಳೆ ಕೊರತೆಯ ಪ್ರಮಾಣದ ಜೊತೆಗೆ ಒಣ ಅವಧಿಯನ್ನೂ ನೋಡುತ್ತಾರೆ. ಸತತ ಮೂರರಿಂದ ನಾಲ್ಕು ವಾರ, ಪ್ರತಿ ವಾರವೂ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾದರೆ ಅದು ಒಣ ಅವಧಿ. ಎರಡನೆಯದು ಪರಿಣಾಮ: ಬಿತ್ತನೆಯಾದ ಪ್ರದೇಶ, ಉಪಗ್ರಹ ಚಿತ್ರದಲ್ಲಿ ಕಾಣುವ ಹಸಿರು, ಮಣ್ಣಿನ ತೇವಾಂಶ, ಮತ್ತು ಜಲಾಶಯ, ಅಂತರ್ಜಲ ಸ್ಥಿತಿ. ಈ ನಾಲ್ಕರಲ್ಲಿ ಮೂರು ಕೆಟ್ಟಿದ್ದರೆ ತೀವ್ರ ಬರದ ಕಡೆಗೆ ವಾಲುತ್ತದೆ. ಆಮೇಲೆ ಹೊಲಕ್ಕೆ ಇಳಿದು ತಾಳೆ ನೋಡಬೇಕು. ಬಾಧಿತ ಹಳ್ಳಿಗಳಲ್ಲಿ ಶೇ. 10ರಷ್ಟನ್ನು ಆರಿಸಿ, ಪ್ರತಿ ಹಳ್ಳಿಯಲ್ಲೂ ಐದು ಕಡೆ ಬೆಳೆ ನೋಡುವುದು ಕ್ರಮ. ಮುಂಗಾರಿನ ಬರ ಘೋಷಣೆಗೆ ಅಕ್ಟೋಬರ್ 30 ಕೊನೆ, ಹಿಂಗಾರಿಗೆ ಮಾರ್ಚ್ 31. ಕೇಂದ್ರದ ವಿಪತ್ತು ಪರಿಹಾರ ನಿಧಿ ಬೇಕೆಂದರೆ ‘ತೀವ್ರ’ ಎಂಬ ಪದ ಬೇಕು. ‘ಸಾಧಾರಣ’ಕ್ಕೆ ಆ ದುಡ್ಡು ಇಲ್ಲ.

ಈಗ ಹವಾಮಾನ ಬದಲಾವಣೆ ಈ ಅಳತೆಗೋಲನ್ನೇ ಹೇಗೆ ಹಾಳು ಮಾಡುತ್ತದೆ ನೋಡಿ. ಲೆಕ್ಕಕ್ಕೆ ಅಂತ ಒಂದು ಉದಾಹರಣೆ: ವಾರದ ವಾಡಿಕೆ ಮಳೆ 30 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಅರ್ಧ ಅಂದರೆ 15. ರಾಗಿ ತೆನೆ ಕಟ್ಟುವ ಹೊತ್ತು. ಮೊದಲ ವಾರ 4 ಮಿಲಿಮೀಟರ್ ಬಂತು, ಎರಡನೆಯ ವಾರ 6, ಮೂರನೆಯ ವಾರ ಒಂದೇ ಸಂಜೆ ಬಿರುಸಾಗಿ ಹೊಡೆದು 17, ನಾಲ್ಕನೆಯ ವಾರ 3. ಒಟ್ಟು 120 ಬರಬೇಕಾದ ಕಡೆ 30 ಬಂದಿದೆ, ಶೇ. 75 ಕೊರತೆ. ಮೂರನೆಯ ವಾರದ ಮಳೆ ಅರ್ಧ ಗಂಟೆಯಲ್ಲಿ ಬಿದ್ದು ಬದುವಿನ ಮೇಲೆ ಹರಿದು ಹಳ್ಳ ಸೇರಿತು, ಬೇರಿಗೆ ಇಳಿಯಲಿಲ್ಲ. ಆದರೆ 17 ಅನ್ನುವುದು 15ಕ್ಕಿಂತ ಹೆಚ್ಚು. ಹಾಗಾಗಿ ಕಾಗದದ ಮೇಲೆ ಒಣ ಅವಧಿ ಮುರಿಯಿತು! ಮಳೆ ಕಡಿಮೆ ದಿನಗಳಲ್ಲಿ ಜೋರಾಗಿ ಬೀಳುವುದು ಬಿಸಿಯೇರಿದ ವಾತಾವರಣದ ಲಕ್ಷಣ. ಕೈಪಿಡಿಯ ವಾರದ ಲೆಕ್ಕ ಹದವಾಗಿ ಬೀಳುವ ಮಳೆಗೆ ಮಾಡಿದ್ದು. ಇದಕ್ಕೆ ತಾಲ್ಲೂಕು ಸರಾಸರಿಯ ತೊಂದರೆಯೂ ಸೇರುತ್ತದೆ. ಒಂದು ಹೋಬಳಿಗೆ ಬಿದ್ದ ಮಳೆ ಪಕ್ಕದ ಒಣಗಿದ ಹೋಬಳಿಯ ಅಂಕಿಯನ್ನು ಮೇಲಕ್ಕೆ ಎಳೆಯುತ್ತದೆ.

ಇಲ್ಲಿ ಮಾಡಬೇಕಾದ ಕೆಲಸ ಸೆಪ್ಟೆಂಬರ್‌ನದು, ಕೋರ್ಟಿನದಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಹೋಬಳಿ ಮಟ್ಟದಲ್ಲೂ ಅದಕ್ಕಿಂತ ಕೆಳಗೂ ಇವೆ. ನಿಮ್ಮ ಹೋಬಳಿಯ ದಿನವಾರು ಮಳೆ ಅಂಕಿ ತೆಗೆದುಕೊಳ್ಳಿ. ಎಷ್ಟು ಮಳೆ ದಿನಗಳು, ಒಂದು ದಿನದಲ್ಲಿ ಬಿದ್ದ ಗರಿಷ್ಠ ಎಷ್ಟು, ನಡುವಿನ ಒಣ ದಿನಗಳೆಷ್ಟು ಎಂದು ಒಂದು ಪುಟದಲ್ಲಿ ಪಟ್ಟಿ ಮಾಡಿ. ಅದನ್ನು ಲಗತ್ತಿಸಿ ತಹಶೀಲ್ದಾರರಿಗೂ ಜಿಲ್ಲಾಧಿಕಾರಿಗೂ ಮನವಿ ಕೊಟ್ಟು, ಎರಡನೇ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ನಮ್ಮ ಹೋಬಳಿಯನ್ನು ಹೊಲ ಪರಿಶೀಲನೆಗೆ ಸೇರಿಸಿ ಎಂದು ಅದರಲ್ಲೇ ಕೇಳಿ. ಇಷ್ಟಾದ ಮೇಲೆ ಘೋಷಣೆಯಿಂದ ನಿಮ್ಮ ತಾಲ್ಲೂಕು ಬಿಟ್ಟುಹೋದರೆ, ಪ್ರಸ್ತುತ ಸಂಗತಿ ಮುಂದಿದ್ದರೂ ನೋಡಲಿಲ್ಲ ಎಂಬ ವಾದಕ್ಕೆ ಕಾಲು ಬರುತ್ತದೆ. ಕೈಪಿಡಿ ಕಾನೂನಲ್ಲ, ಮಾರ್ಗಸೂಚಿ ಮಾತ್ರ ಎಂದು ಸರ್ಕಾರಿ ವಕೀಲರು ಹೇಳುತ್ತಾರೆ. ನಿಜ. ಆದರೆ ತಾನೇ ಒಪ್ಪಿ ನಡೆಯುತ್ತಿರುವ ಮಾರ್ಗಸೂಚಿಯನ್ನು ಕಾರಣ ಹೇಳದೆ ಕೈಬಿಟ್ಟರೆ 14ನೇ ವಿಧಿ ಅಡ್ಡ ಬರುತ್ತದೆ. ಕೋರ್ಟ್ ತಾನೇ ಬರ ಘೋಷಿಸುತ್ತದೆ ಎಂಬ ನಿರೀಕ್ಷೆ ಬೇಡ. ಇಷ್ಟು ದಿನದೊಳಗೆ ಮನವಿಯನ್ನು ಕಾರಣ ಸಹಿತ ತೀರ್ಮಾನಿಸಿ ಎಂದು ಹೇಳಬಹುದು, ಅದನ್ನೇ ಕೇಳಿ.

ಘೋಷಣೆಯಾದ ಮೇಲೂ ದುಡ್ಡು ತಪ್ಪುವುದು ಬೇರೆ ಕಡೆ. 2022ರಿಂದ 2026ರ ಅವಧಿಗೆ ಕೇಂದ್ರ ಗೊತ್ತುಪಡಿಸಿದ ಮಾನದಂಡದಲ್ಲಿ, ಶೇ. 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ನಷ್ಟವಾದರೆ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಮಿತಿ ಎರಡು ಹೆಕ್ಟೇರ್. ಬೆಳೆ ಸಮೀಕ್ಷೆಯಲ್ಲಿ ರಾಗಿ ಇದ್ದ ಹೊಲವನ್ನು ‘ಬೀಳು’ ಎಂದು ದಾಖಲಿಸಿದ್ದರೆ, ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇದ್ದರೆ, ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿಗೆ ಒಂದು ಸರ್ವೆ ನಂಬರ್ ಸೇರದಿದ್ದರೆ ಪರಿಹಾರ ಬರುವುದಿಲ್ಲ. ಇದಕ್ಕೆಲ್ಲ ರಿಟ್ ಅರ್ಜಿ ಹಾಕಿ ಸಮಯ ಕಳೆಯಬೇಡಿ. ಸಮೀಕ್ಷೆಗೆ ಆಕ್ಷೇಪಣೆ ಸಲ್ಲಿಸುವ ಅವಧಿಯಲ್ಲೇ ಸಲ್ಲಿಸಿ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವಾದವು. ಕೇಂದ್ರದಿಂದ 18,171.44 ಕೋಟಿ ರೂಪಾಯಿ ಕೇಳಿದ ರಾಜ್ಯ ಸರ್ಕಾರ, ತೀರ್ಮಾನ ತಡವಾಗುತ್ತಿದೆ ಎಂದು 2024ರ ಮಾರ್ಚ್‌ನಲ್ಲಿ 32ನೇ ವಿಧಿಯಡಿ ಸುಪ್ರೀಂ ಕೋರ್ಟಿಗೇ ಹೋಯಿತು. ಅರ್ಜಿ ಬಾಕಿ ಇರುವಾಗಲೇ, ಏಪ್ರಿಲ್ ಕೊನೆಗೆ, ಸುಮಾರು 3,454 ಕೋಟಿ ಬಿಡುಗಡೆಯಾಯಿತು. ಮೊತ್ತ ಸಾಕೇ ಸಾಲದೇ ಎಂಬ ಜಗಳ ಬೇರೆ. ರಾಜ್ಯ ಸರ್ಕಾರವೇ ಮೂಲಭೂತ ಹಕ್ಕಿನ ಮಾತೆತ್ತಿ, ಕೈಪಿಡಿಯ ಗಡುವು ಹಿಡಿದು ವಾದಿಸಿತಲ್ಲ, ಅದು ಮುಖ್ಯ. ಅದೇ ಕೈಪಿಡಿಯನ್ನು ಹಿಡಿದು ರಾಜ್ಯದ ಎದುರು ನಿಲ್ಲುವ ರೈತನಿಗೆ ರಾಜ್ಯ ಈಗ ‘ಅದು ಬರೀ ಮಾರ್ಗಸೂಚಿ’ ಎಂದರೆ ಮಾತು ಸಪ್ಪೆಯಾಗುತ್ತದೆ.

ಇನ್ನು ನೀರು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರ್ ಲೆಕ್ಕದಲ್ಲಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂತು. ಜುಲೈನಲ್ಲಿ ನೊರೆ ಕಾಣಿಸಿತು. ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ನೀರು ಮತ್ತೆ ಹರಿಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಕೆಲವು ತಿಂಗಳಲ್ಲಿ ಅದೂ ತೆರವಾಯಿತು. ಯೋಜನೆಯ ಪರ ಇರುವವರು ತುಂಬಿದ ಕೆರೆ, ಮರಳಿ ನೀರು ಬಂದ ಕೊಳವೆಬಾವಿ ತೋರಿಸುತ್ತಾರೆ. ವಿರೋಧಿಸುವವರು ಮೂರನೇ ಹಂತದ ಶುದ್ಧೀಕರಣ ಎಲ್ಲಿ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಸಾರ್ವಜನಿಕ ಕಾನೂನಿನ ದೃಷ್ಟಿಯಿಂದ ಇದು ಹವಾಮಾನ ಹೊಂದಾಣಿಕೆಯ ಯೋಜನೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಗೆ ಬೇರೆ ದಾರಿ ಕಡಿಮೆ ಎಂದು ಸರ್ಕಾರ ಹೇಳಿದಾಗ ನ್ಯಾಯಾಲಯಗಳು ಯೋಜನೆಯನ್ನೇ ಬೇಡವೆನ್ನಲು ಹಿಂಜರಿಯುತ್ತವೆ. ಅವು ಮಧ್ಯೆ ಬರುವುದು ಗುಣಮಟ್ಟದ ಪ್ರಶ್ನೆಯಲ್ಲಿ. ಆ ಪ್ರಶ್ನೆ ನಿಲ್ಲುವುದು ಬೀಳುವುದು ಮಾದರಿ ಬಾಟಲಿಯ ಮೇಲೆ.

ಬಾಟಲಿ ಅಂದದ್ದು ತಮಾಷೆಗಲ್ಲ. ಕುಡಿಯುವ ನೀರಿನ ಖಾಲಿ ಬಾಟಲಿಯೊಂದರಲ್ಲಿ ಕೆರೆ ನೀರು ತುಂಬಿ, ಎರಡು ದಿನ ಬೈಕಿನ ಬ್ಯಾಗಿನಲ್ಲಿಟ್ಟು, ಎಲ್ಲ ಪರೀಕ್ಷೆಗೂ ಅದನ್ನೇ ಕೊಟ್ಟರೆ ವರದಿ ಕಸಕ್ಕೆ ಸಮ. ಬಿಒಡಿ, ಅಂದರೆ ನೀರಿನ ಸಾವಯವ ಕೊಳೆ ಅಳೆಯುವ, ಪರೀಕ್ಷೆಯ ನೀರನ್ನು ಐಸ್ ಪೆಟ್ಟಿಗೆಯಲ್ಲಿ 4 ಡಿಗ್ರಿ ಆಸುಪಾಸಿನಲ್ಲಿಟ್ಟು 24 ಗಂಟೆಯೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ತಡವಾದರೆ ಬಾಟಲಿಯೊಳಗಿನ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ಅಂಕಿ ಕಡಿಮೆ ಬರುತ್ತದೆ, ಅಂದರೆ ತಪ್ಪು ನಿಮಗೇ ವಿರುದ್ಧವಾಗುತ್ತದೆ. ಭಾರ ಲೋಹಗಳ ಮಾದರಿಗೆ ನೈಟ್ರಿಕ್ ಆಸಿಡ್ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಬೇಕು, ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ಪರೀಕ್ಷೆಗೆ ಕ್ರಿಮಿರಹಿತ ಬಾಟಲಿ ಬೇರೆಯೇ ಬೇಕು. ಇಷ್ಟೆಲ್ಲ ಮಾಡಿದರೂ ಖಾಸಗಿಯಾಗಿ ತೆಗೆದ ಮಾದರಿ 1974ರ ಜಲ ಕಾಯ್ದೆಯ 21ನೇ ಸೆಕ್ಷನ್ನಿನ ಮಾದರಿ ಆಗುವುದಿಲ್ಲ. ಆ ಸೆಕ್ಷನ್ನಿನಂತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ನೋಟಿಸು ಕೊಟ್ಟು, ಎದುರಿಗೇ ತೆಗೆದು, ಎರಡು ಭಾಗ ಮಾಡಿ, ಸೀಲು ಹಾಕಿ, ಸಹಿ ಪಡೆಯಬೇಕು. ಹಾಗಾದರೆ ನಿಮ್ಮ ಮಾದರಿಯಿಂದ ಏನು ಉಪಯೋಗ? ಮಂಡಳಿಗೆ ಪತ್ರ ಬರೆಯಲು ಉಪಯೋಗ. ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ ಲಗತ್ತಿಸಿ, 21ನೇ ಸೆಕ್ಷನ್ನಿನಡಿ ಮಾದರಿ ತೆಗೆಯಿರಿ ಎಂದು ಕೇಳಿ. ತೆಗೆಯದಿದ್ದರೆ ಆ ಮೌನವೇ ನಿಮ್ಮ ಕೇಸು.

ಹಸಿರು ನ್ಯಾಯಮಂಡಳಿಗೆ ಹೋದಾಗ ಸಾಮಾನ್ಯವಾಗಿ ಜಂಟಿ ಸಮಿತಿ ನೇಮಕವಾಗುತ್ತದೆ: ಮಾಲಿನ್ಯ ನಿಯಂತ್ರಣ ಮಂಡಳಿ, ಜಿಲ್ಲಾಡಳಿತ, ಕೆಲವೊಮ್ಮೆ ಕೇಂದ್ರ ಮಂಡಳಿ. ಇಲ್ಲಿ ನಮ್ಮವರು ಎಡವುತ್ತಾರೆ. ಸಮಿತಿ ಬಂದ ದಿನ ಕೆರೆ ಏರಿಯ ಮೇಲೆ ಜನ ಸೇರಿ ಗಲಾಟೆ ಮಾಡುತ್ತಾರೆ, ವರದಿ ಬಂದ ಮೇಲೆ ಆಕ್ಷೇಪಣೆ ಹಾಕುವವರು ಮಾತ್ರ ಯಾರೂ ಇರುವುದಿಲ್ಲ. ತೀರ್ಪು ಕೊಡುವ ಕೆಲಸವನ್ನು ನ್ಯಾಯಮಂಡಳಿ ತಜ್ಞರ ಸಮಿತಿಗೆ ಒಪ್ಪಿಸಿ ಕೈತೊಳೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಕಾಂತಾ ವಿಭಾಗ್ ಯುವ ಕೋಲಿ ಸಮಾಜ್ ಪ್ರಕರಣದಲ್ಲಿ ಹೇಳಿದೆ. ಆ ತೀರ್ಪು ನೆರವಿಗೆ ಬರಬೇಕೆಂದರೆ ನಿಮ್ಮ ಲಿಖಿತ ಆಕ್ಷೇಪಣೆ ದಾಖಲೆಯಲ್ಲಿರಬೇಕು.

ಎತ್ತಿನಹೊಳೆ ಬಗ್ಗೆ ಎರಡೇ ಮಾತು. ಪಶ್ಚಿಮ ಘಟ್ಟದ ಹಳ್ಳಗಳಿಂದ ಬಯಲುಸೀಮೆಗೆ ನೀರು ತರುವ, 24.01 ಟಿಎಂಸಿ ನೀರಿನ ಈ ಯೋಜನೆ ‘ಕುಡಿಯುವ ನೀರು’ ಎಂಬ ಹೆಸರಿನಲ್ಲಿದೆ. 2006ರ ಪರಿಣಾಮ ಅಂದಾಜು ಅಧಿಸೂಚನೆಯ ಪಟ್ಟಿಯಲ್ಲಿ ಜಲವಿದ್ಯುತ್, ನೀರಾವರಿ ಯೋಜನೆಗಳಿವೆ, ಕುಡಿಯುವ ನೀರಿನ ಯೋಜನೆ ಇಲ್ಲ. ಹಾಗಾಗಿ ಪರಿಸರ ಅನುಮತಿ ಬೇಡ ಎಂಬ ನಿಲುವು. ಹಸಿರು ನ್ಯಾಯಮಂಡಳಿಯಲ್ಲಿ ಇದರ ವಿರುದ್ಧ ವರ್ಷಗಟ್ಟಲೆ ಹೋರಾಟ ನಡೆಯಿತು, ಯೋಜನೆ ನಿಲ್ಲಲಿಲ್ಲ, 2024ರ ಸೆಪ್ಟೆಂಬರ್ 6ರಂದು ಮೊದಲ ಹಂತಕ್ಕೆ ಚಾಲನೆಯೂ ಸಿಕ್ಕಿತು. ನಮ್ಮ ಜಿಲ್ಲೆಗಳು ಈ ನೀರಿಗೆ ಕಾದು ಕುಳಿತಿವೆ, ಆದ್ದರಿಂದ ಇಲ್ಲಿ ಇದನ್ನು ಹೇಳುವುದು ಅಷ್ಟು ಜನಪ್ರಿಯ ಮಾತಲ್ಲ. ಆದರೂ ಹೇಳುತ್ತೇವೆ. ಪರಿಣಾಮ ಅಂದಾಜು ತಪ್ಪಿಸಿಕೊಂಡಾಗ ಘಟ್ಟದ ಕಾಡಿನ ಪ್ರಶ್ನೆಯ ಜೊತೆಗೇ ನೀರಿನ ಲಭ್ಯತೆಯ ಅಂಕಿಯೂ ಸಾರ್ವಜನಿಕ ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತದೆ. ಘಟ್ಟದ ಮಳೆಯ ರೀತಿ ಬದಲಾದರೆ ಆ 24.01ರಲ್ಲಿ ಕೊನೆಯ ಊರಿಗೆ ಎಷ್ಟು ಉಳಿಯುತ್ತದೆ ಎಂದು ಕೇಳಬೇಕಾದವರು ಕೊನೆಯಲ್ಲಿರುವ ನಾವೇ.

ಪಾವಗಡದ ಸೋಲಾರ್ ಪಾರ್ಕಿನದು ಇನ್ನೊಂದು ಬಗೆ. 2,050 ಮೆಗಾವಾಟ್, ಸುಮಾರು 13,000 ಎಕರೆ, ತಿರುಮಣಿ, ವಳ್ಳೂರು ಸುತ್ತಿನ ಐದು ಗ್ರಾಮಗಳು. ಭೂಸ್ವಾಧೀನ ಮಾಡದೆ ಗುತ್ತಿಗೆಗೆ ಪಡೆದರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಸೌರ ಫಲಕದ ಯೋಜನೆಗಳಿಗೆ ಪರಿಸರ ಅನುಮತಿ ಬೇಕಿಲ್ಲ, ಹಾಗಾಗಿ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. ಪಹಣಿಯಲ್ಲಿ ಹೆಸರಿದ್ದವರಿಗೆ ಗುತ್ತಿಗೆ ಹಣ ಬರುತ್ತದೆ. ಜಮೀನಿಲ್ಲದ ಕೂಲಿಯವರಿಗೆ, ಕುರಿ ಮೇಯಿಸುವವರಿಗೆ ಮಾತು ಹೇಳಲು ಕಾನೂನಿನ ವೇದಿಕೆಯೇ ಇರುವುದಿಲ್ಲ. ಇಂಥ ಕಡೆ ರಂಜಿತ್‌ಸಿನ್ಹ್ ತೀರ್ಪಿನ ಇನ್ನೊಂದು ಭಾಗವನ್ನು ಓದಬೇಕು. ಹವಾಮಾನದ ಹೊಡೆತ ಬಡವರು, ಸೌಲಭ್ಯವಂಚಿತರ ಮೇಲೆ ಹೆಚ್ಚು ಬೀಳುವುದು ಸಮಾನತೆಯ ಪ್ರಶ್ನೆ ಎಂದು ಅದೇ ತೀರ್ಪು ಹೇಳಿದೆ. ಪಾರ್ಕ್ ಬೇಡ ಎನ್ನುವ ಅರ್ಜಿಗಿಂತ, ಗೋಮಾಳ ಹೋದವರಿಗೆ ಏನು ಎಂದು ಕೇಳುವ ಅರ್ಜಿಗೆ ಈ ಸಾಲುಗಳು ಹೆಚ್ಚು ಒದಗುತ್ತವೆ.

ಕೆರೆ, ರಾಜಕಾಲುವೆ ಒತ್ತುವರಿಗೆ ಬರೋಣ. 2021ರ ನವೆಂಬರ್‌ನ ಮಳೆ ನಿಮಗೆ ನೆನಪಿದೆ, ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮೊಳಕೆಯೊಡೆಯಿತು. ಅಂಥ ಮಳೆಯಲ್ಲಿ ನೀರು ಹುಡುಕುವುದು ಹಳೆಯ ನಕ್ಷೆಯ ದಾರಿಯನ್ನೇ. ಕಾನೂನು ಇಲ್ಲಿ ಗಟ್ಟಿಯಾಗಿದೆ. 1964ರ ಭೂ ಕಂದಾಯ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಕೆರೆ, ಹಳ್ಳ ಸರ್ಕಾರದ್ದು. 104ರಲ್ಲಿ ತೆರವು ಮಾಡಬಹುದು, 192ಎ ಪ್ರಕಾರ ಒತ್ತುವರಿ ಅಪರಾಧ. ಕೆರೆ, ಊರ ಸಾಮೂಹಿಕ ಜಾಗ ಉಳಿಸಬೇಕೆಂದ ಸುಪ್ರೀಂ ಕೋರ್ಟಿನ 2001ರ ಹಿಂಚ್ ಲಾಲ್ ತಿವಾರಿ, 2011ರ ಜಗಪಾಲ್ ಸಿಂಗ್ ತೀರ್ಪುಗಳು ಬೆನ್ನಿಗಿವೆ. ಇಷ್ಟಿದ್ದೂ ಅರ್ಜಿಗಳು ಕುಂಟುವುದೇಕೆ?

ಒಂದು, ತಪ್ಪು ಇಲಾಖೆಯನ್ನು ಪ್ರತಿವಾದಿ ಮಾಡುವುದು. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಜಿಲ್ಲಾ ಪಂಚಾಯಿತಿಯದು, ಅದರ ಮೇಲಿನದು ಸಣ್ಣ ನೀರಾವರಿ ಇಲಾಖೆಯದು. ಅಂಗಳದ ಗಡಿ ಗುರುತಿಸುವುದು ಸರ್ವೆ ಇಲಾಖೆ, ತೆರವು ತಹಶೀಲ್ದಾರರು. ಒಬ್ಬರನ್ನು ಬಿಟ್ಟರೂ ‘ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಉತ್ತರಕ್ಕೆ ಒಂದು ವರ್ಷ ಹೋಗುತ್ತದೆ. ಇನ್ನೊಂದು, ನಕ್ಷೆ. ಗ್ರಾಮ ನಕ್ಷೆ, ಆಕಾರ್‌ಬಂದ್, ಟಿಪ್ಪಣಿ, ಅಂದರೆ ಸರ್ವೆ ಇಲಾಖೆಯ ವಿಸ್ತೀರ್ಣ, ಅಳತೆಯ ದಾಖಲೆಗಳು, ಇಲ್ಲದೆ ಬರೀ ಫೋಟೊ ಹಿಡಿದು ಹೋಗುವುದು. ಕಾಲುವೆ ‘ಬಿ’ ಖರಾಬಿನಲ್ಲಿ (ಸಾಗುವಳಿಗಲ್ಲದ, ಸಾರ್ವಜನಿಕ ಬಳಕೆಯ ಜಾಗ) ಇದ್ದರೆ ಅದು ಸಾರ್ವಜನಿಕ, ‘ಎ’ ಖರಾಬಾದರೆ ಬೇರೆ ಕಥೆ. ಇದನ್ನು ಪಹಣಿಯಲ್ಲೇ ನೋಡಬಹುದು. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ, 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಐದು ಕೆರೆಯ ಮಾಹಿತಿಯನ್ನು ಒಂದೇ ಅರ್ಜಿಯಲ್ಲಿ ಕೇಳಿದರೆ ಹಿಂದಕ್ಕೆ ಬರುತ್ತದೆ.

ಮೀಸಲು ವಲಯದ ವಿಷಯದಲ್ಲಿ ಬೆಂಗಳೂರಿನ ಪಾಠವಿದೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆ ಸುತ್ತ 75 ಮೀಟರ್ ಬಿಡಬೇಕೆಂದಿತು. 2019ರ ಮಾರ್ಚ್‌ನಲ್ಲಿ, ಮಂತ್ರಿ ಟೆಕ್‌ಜೋನ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಆ ಸಾರ್ವತ್ರಿಕ ನಿರ್ದೇಶನವನ್ನು ತೆಗೆದುಹಾಕಿತು. ಮಾಸ್ಟರ್ ಪ್ಲಾನ್‌ನಲ್ಲಿ 30 ಮೀಟರ್ ಎಂದಿದ್ದರೆ ನ್ಯಾಯಮಂಡಳಿ ಅದನ್ನು ತಿದ್ದಲಾರದು. ನೀರು ಎಲ್ಲಿಯವರೆಗೆ ಉಕ್ಕುತ್ತದೆ ಎಂಬ ವಾದ ಎಷ್ಟೇ ಸರಿಯಿರಲಿ, ಅದನ್ನು ಹೇಳಬೇಕಾದ ಜಾಗ ಮಾಸ್ಟರ್ ಪ್ಲಾನ್ ಕರಡಿಗೆ ಆಕ್ಷೇಪಣೆ ಕರೆದಾಗ. ನಮ್ಮ ಪಟ್ಟಣಗಳ ಯೋಜನಾ ಪ್ರಾಧಿಕಾರಗಳು ಕರಡು ಪ್ರಕಟಿಸಿದಾಗ ಕೆರೆ ಸಂಘಗಳಿಂದ ಎಷ್ಟು ಆಕ್ಷೇಪಣೆ ಹೋಗುತ್ತವೆ, ನೀವೇ ಯೋಚಿಸಿ.

ಯಾವ ಬಾಗಿಲು ತಟ್ಟಬೇಕು ಎಂದು ಪ್ರಶ್ನೆ ಬಂದಿದೆ. ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈನಲ್ಲಿದೆ. ಅದರ ಕಾಯ್ದೆಯ ಪಟ್ಟಿಯಲ್ಲಿರುವ ಏಳು ಕಾಯ್ದೆಗಳಿಗೆ ಸಂಬಂಧಿಸಿದ್ದನ್ನು ಮಾತ್ರ ಅದು ನೋಡುತ್ತದೆ: ಜಲ, ವಾಯು, ಅರಣ್ಯ ಸಂರಕ್ಷಣೆ, ಪರಿಸರ ಸಂರಕ್ಷಣೆ ಮುಂತಾದವು. ಬರೀ ಒತ್ತುವರಿಯಾದರೆ ಹೈಕೋರ್ಟ್. ಒತ್ತುವರಿಯ ಜೊತೆ ಕೊಳಚೆ ಬಿಟ್ಟಿದ್ದರೆ ನ್ಯಾಯಮಂಡಳಿಗೂ ಹೋಗಬಹುದು. ಪರಿಹಾರ ಹಣ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. 14ನೇ ಸೆಕ್ಷನ್ನಿನ ಅರ್ಜಿಗೆ ಆರು ತಿಂಗಳು, ಸಾಕಷ್ಟು ಕಾರಣವಿದ್ದರೆ ಇನ್ನು 60 ದಿನ. ಪರಿಸರ ಅನುಮತಿಯ ವಿರುದ್ಧ 16ನೇ ಸೆಕ್ಷನ್ನಿನ ಮೇಲ್ಮನವಿಗೆ 30 ದಿನ, ಹೆಚ್ಚೆಂದರೆ ಇನ್ನು 60. ಒಟ್ಟು 90 ದಾಟಿದ ಮೇಲೆ ವಿಳಂಬ ಮನ್ನಿಸುವ ಅಧಿಕಾರವೇ ಅದಕ್ಕಿಲ್ಲ. ಕ್ವಾರಿ ಸದ್ದು ಕೇಳಿದ ಮೇಲೆ ಅನುಮತಿ ಪತ್ರ ಹುಡುಕಲು ಹೊರಟ ಊರಿನವರು ಸೋಲುವುದು ಹೆಚ್ಚಾಗಿ ಈ ಲೆಕ್ಕದಲ್ಲಿ. ಕಾನೂನು ಅಥವಾ ನಿಯಮವನ್ನೇ ಪ್ರಶ್ನಿಸುವುದಿದ್ದರೆ 226ನೇ ವಿಧಿಯಡಿ ಹೈಕೋರ್ಟೇ ದಾರಿ. ನ್ಯಾಯಮಂಡಳಿ ಇದೆ ಎಂದು ಹೈಕೋರ್ಟಿನ ಅಧಿಕಾರ ಹೋಗಿಲ್ಲ, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟಪಡಿಸಿದೆ. ಸ್ವಂತ ಬೆಳೆ ನಷ್ಟ, ಸ್ವಂತ ಬಾವಿ ಕೆಟ್ಟ ರೈತ ತನ್ನ ಹೆಸರಿನಲ್ಲೇ ರಿಟ್ ಹಾಕಲಿ, ಅದಕ್ಕೆ ಸಾರ್ವಜನಿಕ ಹಿತಾಸಕ್ತಿಯ ವೇಷ ಬೇಡ. ಹಾಕಿದರೆ ವೈಯಕ್ತಿಕ ಹಿತ ಇಲ್ಲ ಎಂಬ ಪ್ರಮಾಣಪತ್ರದಲ್ಲೇ ಸಿಕ್ಕಿಬೀಳುತ್ತಾರೆ.

ಪ್ರಾರ್ಥನೆ, ಅಂದರೆ ಏನು ಕೇಳುತ್ತೀರಿ ಅನ್ನುವ ಭಾಗ, ಆದಷ್ಟು ಚಿಕ್ಕದಿರಲಿ. ‘ಹವಾಮಾನ ಬದಲಾವಣೆಯಿಂದ ಜಿಲ್ಲೆಯನ್ನು ರಕ್ಷಿಸಬೇಕು’ ಎಂದು ಬರೆದರೆ ಯಾವ ನ್ಯಾಯಾಧೀಶರೂ ಅದರ ಮೇಲೆ ಆದೇಶ ಬರೆಯಲಾರರು. ‘ಮೂರನೇ ಪ್ರತಿವಾದಿಯು ಇಂಥ ತಾರೀಕಿನ ಮನವಿಯನ್ನು, ಅದಕ್ಕೆ ಲಗತ್ತಿಸಿದ ಹೋಬಳಿ ಮಳೆ ಅಂಕಿಗಳನ್ನು ಪರಿಗಣಿಸಿ, ನಾಲ್ಕು ವಾರದೊಳಗೆ ಕಾರಣ ಸಹಿತ ಆದೇಶ ಮಾಡಬೇಕು’ ಎಂದರೆ ಬರೆಯಬಲ್ಲರು.

ಆದೇಶ ಸಿಕ್ಕಿದ ಮೇಲೆ ಮನೆಗೆ ಹೋಗಿ ಸುಮ್ಮನಿರುವುದು ನಮ್ಮ ದೊಡ್ಡ ದೌರ್ಬಲ್ಯ. ದೃಢೀಕೃತ ಪ್ರತಿಯನ್ನು ನೀವೇ ಅಧಿಕಾರಿಗೆ ತಲುಪಿಸಿ ಸ್ವೀಕೃತಿ ಪಡೆಯಿರಿ, ನಾಲ್ಕು ವಾರ ಎಣಿಸುವುದು ಸಾಮಾನ್ಯವಾಗಿ ಆ ದಿನದಿಂದ. ಗಡುವು ಮೀರಿದರೆ ಒಂದು ನೆನಪೋಲೆ ಕಳಿಸಿ. ನ್ಯಾಯಮಂಡಳಿಯ ಆದೇಶವನ್ನು 25ನೇ ಸೆಕ್ಷನ್ನಿನಡಿ ಸಿವಿಲ್ ಡಿಕ್ರಿಯಂತೆ ಜಾರಿ ಮಾಡಿಸಬಹುದು. ಹೈಕೋರ್ಟಿನ ಆದೇಶವಾದರೆ ನ್ಯಾಯಾಂಗ ನಿಂದನೆ ಅರ್ಜಿಗೆ, 1971ರ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಉಲ್ಲಂಘನೆಯಾದ ದಿನದಿಂದ ಒಂದು ವರ್ಷ ಕಾಲಾವಕಾಶ. ಅಧಿಕಾರಿ ವರ್ಗವಾಗಿ ಹೋದರೆ ಅವರ ಜಾಗಕ್ಕೆ ಬಂದವರಿಗೂ ಅದೇ ಆದೇಶದ ಪ್ರತಿ ಕೊಟ್ಟು ಮತ್ತೊಂದು ಸ್ವೀಕೃತಿ ತೆಗೆದುಕೊಳ್ಳಿ.